ಯೋಗಿಯ ನಾಲ್ಕು ನಿಮಿಷ

ಚಾಮರಾಜಪುರಂ, ಮೈಸೂರು
೧೮ ಫೆಬ್ರವರಿ ೨೦೨೪

ಚಿ. ಶಿವಕಿರಣನಿಗೆ ನಿನ್ನ ಪ್ರೇಮಲೀಲಾ ಮೇಡಂ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಕಣ್ಣಿನ ಆಪರೇಷನ್ ಆಗಿತ್ತು ಎಂದು ನೆಪ ಹೇಳಬಹುದು. ಅದು ವಾಸಿಯಾಗಿಯೇ ತಿಂಗಳು ಕಳೆದಿದೆ. ಬರೆಯಲು ಮನಸ್ಸಾಗಲಿಲ್ಲ, ತಪ್ಪು ತಿಳಿಯಬೇಡ.

ದೆಹಲಿಯಲ್ಲಿ ಕೂತು ದೇಶದ ರಕ್ಷಣೆಯ ಬಗ್ಗೆ ಪುಸ್ತಕ ಬರೆಯುತ್ತಿದ್ದೀಯಂತೆ, ಸಂತೋಷ. ಶತ್ರು ಕೈಯೆತ್ತುವ ಮೊದಲೇ ನಾವು ಹೊಡೆಯಬೇಕು ಎನ್ನುವುದು ನಿನ್ನ ವಾದ. ಅದರ ಮೊದಲ ಪುಟಕ್ಕೆ ನನ್ನ ಮಗ ಯೋಗೇಂದ್ರ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇದೇ ವಾದದ ಪರ ಮಾಡಿದ ನಾಲ್ಕು ನಿಮಿಷದ ಭಾಷಣದ ಪ್ರತಿ ಕೇಳಿದ್ದೀಯ. ಕಾಲೇಜಿಗೆ ಇಬ್ಬರು, ಒಬ್ಬ ಪರ, ಒಬ್ಬ ವಿರೋಧ. ಅವತ್ತು ವಿರೋಧ ಮಾತಾಡಿದವನು ನೀನೇ ಅಲ್ಲವೇನೋ! ಗೆದ್ದ ಕಪ್ಪಿನಲ್ಲೇ ನನ್ನ ಅಡುಗೆಮನೆಯ ಪಾಯಸ ಹುಯ್ದುಕೊಂಡು ಕುಡಿದಿರಲ್ಲ, ಕಪಿಗಳು.

ಹೋದ ವಾರ ಅದೇ ಸ್ಪರ್ಧೆಗೆ ತೀರ್ಪು ಕೊಡಲು ಕುವೆಂಪುನಗರಕ್ಕೆ ಕರೆದಿದ್ದರು. ವಿಷಯವೂ ಅದೇ. ಲಾಸ್ಯ ಎಂಬ ಹುಡುಗಿ ವಿರೋಧ ಮಾತಾಡುತ್ತಾ, "ಅವ್ರು ಹೊಡೀತಾರೆ ಅಂತ ಬಂದ ಸುದ್ದೀನೇ ಸುಳ್ಳಾಗಿದ್ರೆ?" ಎಂದಳು. ಅವಳಿಗೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಪರ ಮಾತಾಡಿದವನಿಗೆ ಸಿಳ್ಳೆ, ಚಪ್ಪಾಳೆ. ಅಂಕ ಹಾಕಲು ನನಗೆ ಕೈ ಏಳಲಿಲ್ಲ. ಜೊತೆಯ ತೀರ್ಪುಗಾರರು ಅನಂತಪದ್ಮನಾಭ, "ಯಾಕ್ ಮೇಡಂ, ಹುಷಾರಿಲ್ವಾ?" ಎಂದು ನೀರು ಕೊಟ್ಟರು. ಆಟೋ ಹಿಡಿದು ಮನೆಗೆ ಬಂದುಬಿಟ್ಟೆ.

ಯೋಗಿ ಹೋಗಿ ಆರು ವರ್ಷ. ನಿನಗೆ ಪೂರ್ತಿ ಹೇಳಿರಲಿಲ್ಲ. ಗಡಿಯಾಚೆಯ ಶಿಬಿರದಿಂದ ದಾಳಿಯಾಗಲಿದೆ ಎಂದು ಸುದ್ದಿ ಬಂದು, ಯೋಗಿಯ ಸೇನಾತುಕಡಿಯೇ ಮೊದಲು ನುಗ್ಗಿತು. ಶಿಬಿರ ಖಾಲಿಯಿತ್ತಂತೆ. ವಾಪಸ್ಸು ಬರುವಾಗ ಗುಂಡು ತಗುಲಿತು. ಜೊತೆಗಿದ್ದ ಸುಬೇದಾರ್ ಸಿದ್ದಪ್ಪಾಜಿ ಮನೆಗೆ ಬಂದು ಹೇಳಿದ್ದು.

ಭಾಷಣ ಕಳಿಸುವುದಿಲ್ಲ ಮಗು. ನಿನ್ನ ಪುಸ್ತಕ ನೀನು ಬರಿ. ನಿನ್ನೊಡನೆ ವಾದಿಸುವ ತ್ರಾಣ ನನಗಿಲ್ಲ. ಅವನ ಹೆಸರು ಮಾತ್ರ ಅದರಲ್ಲಿ ಬೇಡ. ಹೆಂಡತಿ ಮಗುವಿನೊಡನೆ ನೂರು ಕಾಲ ಚೆನ್ನಾಗಿರು. ಊರಿಗೆ ಬಂದಾಗ ಊಟಕ್ಕೆ ಬಾ.

ಇಂತು,
ಪ್ರೇಮಲೀಲಾ

ಮತ್ತೊಂದು ಮಾತು: ಆ ಭಾಷಣ ಬರೆದುಕೊಟ್ಟವಳು ನಾನು. "ನಾನು ವಿರೋಧ ಮಾತಾಡ್ತೀನಿ ಕಣಮ್ಮ, ಪರ ಕಿರಣಂಗೆ ಕೊಡು" ಎಂದು ಯೋಗಿ ಗೋಗರೆದಿದ್ದ. "ಪರ ಮಾತಾಡೋರ್ಗೇ ಕಣೋ ಚಪ್ಪಾಳೆ" ಎಂದು ಬಾಯಿ ಮುಚ್ಚಿಸಿದೆ. ಆ ಚಪ್ಪಾಳೆಯ ಗುಂಗಿನಲ್ಲೇ ಸೇನೆಗೆ ಅರ್ಜಿ ಹಾಕಿದ. ಹಾಳೆ ಈಗ ನನ್ನ ಮುಂದೆಯೇ ಇದೆ. ಕೊನೆಯಲ್ಲಿ ತನ್ನ ಕೈಬರಹದಲ್ಲಿ ಒಂದೇ ಒಂದು ಸಾಲು ಸೇರಿಸಿದ್ದಾನೆ: "ಸುದ್ದಿಯೇ ಸುಳ್ಳಾಗಿದ್ದರೆ?" ನಾಲ್ಕು ನಿಮಿಷ ಮೀರುತ್ತದೆ ಎಂದು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವಳು ನಾನೇ.