ಹಳ್ಳದ ಬಳಿ ಸಿಕ್ಕ ಕಾಡುಹಂದಿ

ಮಾರ್ಚ್ 9

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡ ತಮ್ಮನ ನಮಸ್ಕಾರ. ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಕಿವಿ ಹಿಂಡಬೇಕೆನಿಸಿದರೆ ಹಿಂಡು. ನಿನ್ನ ಕೈಗೆ ಅದೇನು ಹೊಸದಲ್ಲ.

ನಾನು ಚೆನ್ನಾಗಿದ್ದೇನೆ. ಆಫ್ರಿಕನ್ ಹಂದಿಜ್ವರದಿಂದ ಕಾಡಿನಲ್ಲಿ ಸತ್ತ ಹಂದಿಗಳನ್ನು ಹುಡುಕುವುದೇ ಈಗಲೂ ಕೆಲಸ. ಸಿಕ್ಕರೆ ರಕ್ತವೋ ಮೂಳೆಯ ಚೂರೋ ತೆಗೆದು, ಜಾಗ ಗುರುತು ಮಾಡಿ ಲ್ಯಾಬಿಗೆ ಕಳಿಸುತ್ತೇವೆ. ಮನುಷ್ಯರಿಗೆ ತಗಲದ ಈ ರೋಗಕ್ಕೆ ಹಂದಿಗಳ ಪಾಲಿಗೆ ಮದ್ದೇ ಇಲ್ಲ. ಜೊತೆಗಿರುವ ಡಾಕ್ಟರಮ್ಮ ಮೊನ್ನೆ, "ನಾಯಿಗಿಂತ ಮೊದ್ಲು ನಿಮಗೇ ವಾಸನೆ ಹತ್ತುತ್ತಲ್ರೀ" ಎಂದರು. ಅಮ್ಮ ಇದ್ದಿದ್ದರೆ, ಮಗ ಅಂತೂ ಒಂದು ವಿದ್ಯೆಯಲ್ಲಿ ಮುಂದೆ ಬಂದ ಎನ್ನುತ್ತಿದ್ದಳು.

ರೋಗ ಹರಡದಿರಲೆಂದು ಹಂದಿಗಳನ್ನೆಲ್ಲ ಕೊಂದು ನಿನ್ನ ದೊಡ್ಡಿ ಖಾಲಿ ಮಾಡಿದ ದಿನ ನಾನು ಬರಲಿಲ್ಲ. ನಲವತ್ತೊಂದು ಹಂದಿ, ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ ಕುಂಟಿಯೂ ಅದರಲ್ಲಿ. ಲಾರಿ ಹೋದ ಮೇಲೆ ನೀನು ಖಾಲಿ ದೊಡ್ಡಿಯನ್ನೇ ಗುಡಿಸುತ್ತಿದ್ದೆಯಂತೆ. ನಿನ್ನ ಮಗಳು ಫೋನಿನಲ್ಲಿ ಹೇಳಿದಳು.

"ಮಾವ, ಅಪ್ಪ ಹೋಟೆಲಿನ ಮುಸುರೆ ತಂದು ಹಾಕಿದ್ದಕ್ಕೇ ರೋಗ ಬಂತು ಅಂತಾಳೆ ಅಮ್ಮ. ಮಾತೇ ಬಿಟ್ಟಿದಾಳೆ. ಅಪ್ಪ ಹೊರಗಿನ ಕೋಣೇಲಿ ಮಲಗ್ತಾರೆ."

ಭಾವನನ್ನು ಕೇಳಿದರೆ, "ಇರ್ಲಿ ಬಿಡೋ, ಅವಳೂ ಯಾರ ಮೇಲಾದ್ರೂ ಸಿಟ್ಟು ತೀರಿಸ್ಕೋಬೇಕಲ್ಲ" ಎಂದರು.

ಅವರನ್ನು ಒಳಗೆ ಕರೆ, ಅಕ್ಕ. ಇಪ್ಪತ್ತು ವರ್ಷ ನಿನ್ನ ನಾಲಿಗೆಗೆ ಹೆದರದೆ ಬಾಳಿದ ಮನುಷ್ಯ, ನಿನ್ನ ಮೌನಕ್ಕೆ ಸೋತುಹೋಗಿದ್ದಾರೆ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರೂ ನೂರ್ಕಾಲ ಜಗಳವಾಡಿಕೊಂಡು ಸುಖವಾಗಿರಿ ಎಂದು ಚಿಕ್ಕವನಾದರೂ ಹರಸುತ್ತೇನೆ.

ನಿನ್ನ ತಮ್ಮ,
ಗುಬ್ಬಿ

ತಾ.ಕ.: ಭಾವ ಮುಸುರೆಯನ್ನು ಚೆನ್ನಾಗಿ ಕುದಿಸಿಯೇ ಹಾಕುತ್ತಿದ್ದರು, ನಾನೇ ನೋಡಿದ್ದೇನೆ. ರೋಗ ತಂದವನು ನಾನು. ಫೆಬ್ರವರಿ ಮೊದಲ ವಾರ ನಿನಗೆ ಜ್ವರವೆಂದು ಕೇಳಿ ಕಾಡಿನಿಂದ ನೇರ ಓಡಿ ಬಂದೆನಲ್ಲ, ಅಂದು ಬೆಳಿಗ್ಗೆ ಹಳ್ಳದ ಬಳಿ ಸತ್ತ ಹಂದಿಯೊಂದನ್ನು ಪರೀಕ್ಷಿಸಿದ್ದೆ. ನಿನಗೆ ಏಳಲಾಗದೆಂದು ದೊಡ್ಡಿಗಿಳಿದು ನಾನೇ ತೊಟ್ಟಿ ತುಂಬಿಸಿದೆ. ಬೂಟು ತೊಳೆದಿರಲಿಲ್ಲ. ಊರೂರಿಗೆ ಹೋಗಿ ಬೂಟು ತೊಳೆಯಿರಿ ಎಂದು ಹೇಳುವವನು ನಾನು. ಆ ಹಂದಿಯಲ್ಲಿದ್ದ ವೈರಸ್ಸೂ ನಿನ್ನ ಹಂದಿಗಳಲ್ಲಿದ್ದುದೂ ಒಂದೇ ಎಂದು ಲ್ಯಾಬಿನವರು ತಿಳಿಸಿದ್ದಾರೆ. ಡಾಕ್ಟರಮ್ಮನಿಗೆ ಎಲ್ಲವನ್ನೂ ಬರೆದುಕೊಟ್ಟೆ. ಕೆಲಸ ಹೋದರೆ ಹೋಗಲಿ. ಇಷ್ಟನ್ನು ಭಾವನಿಗೆ ನೀನೇ ಓದಿ ಹೇಳು. ನೀನು ಕರೆಯುವ ತನಕ ನಾನು ಬರುವುದಿಲ್ಲ.