ಕುದ್ರು ಎಂದರೆ ಕುದುರೆಯಲ್ಲ

ದ್ವೀಪ ಸೌಂದರ್ಯೀಕರಣ ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕುಂದಾಪುರದ ಕಡೆಯ ಕೇದಗೆಕುದ್ರುವಿನಲ್ಲಿ ಯಾರೂ ವಾಸವಿಲ್ಲ ಎಂದು ತಾವು ಘೋಷಿಸಿದ್ದೀರಿ. ಹಾಗಾದರೆ ನಾನು ಮಗಳನ್ನು ಧಾರೆಯೆರೆದು ಕೊಟ್ಟದ್ದು ಯಾರಿಗೆ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಕಳೆದ ಭಾನುವಾರ ನಮ್ಮ ಮನೆ ಹತ್ತಿರದ ವಿಜಯನಗರದ ಕಲ್ಯಾಣ ಮಂಟಪವೊಂದರಲ್ಲಿ ತಮ್ಮ ಯೋಜನೆಯ ಪ್ರದರ್ಶನ ನೋಡಿದೆ. ಆಳೆತ್ತರದ ಫಲಕದ ಮೇಲೆ ‘ಕೇದಗೆ ಕುದುರೆ ದ್ವೀಪ: ಇತಿಹಾಸ ಮತ್ತು ನಿಸರ್ಗ ಸೌಂದರ್ಯ’ ಎಂದು ಬರೆದಿತ್ತು. ಅರಸರು ಅರಬ್ಬೀ ಕುದುರೆಗಳನ್ನು ಹಡಗಿನಿಂದಿಳಿಸಿ ಮೇಯಿಸುತ್ತಿದ್ದ ನಿರ್ಜನ ದ್ವೀಪವಂತೆ ಅದು. ಅಲ್ಲಿದ್ದ ನಿಮ್ಮ ಸಿಬ್ಬಂದಿ ರಕ್ಷಾ ಎಂಬುವರನ್ನು ಕೇಳಿದೆ.

“ಏನಮ್ಮಾ, ಕುದ್ರು ಅಂದ್ರೇನು ಗೊತ್ತಾ?”

“ಕುದುರೆನೇ ಸಾರ್. ಅಲ್ಲಿಯವ್ರು ಹಂಗೆ ಶಾರ್ಟಾಗಿ ಅಂತಾರೆ.”

“ಅಲ್ಲಿ ಯಾರೂ ಇಲ್ಲ ಅಂತ ಬರ್ದಿದೀರಲ್ಲಾ, ಮತ್ತೆ ಅನ್ನೋರು ಯಾರು?”

ಆಕೆ ನನ್ನ ಕೈಗೆ ಒಂದು ನೀರಿನ ಬಾಟಲಿ ಕೊಟ್ಟರು.

ಸ್ವಾಮಿ, ಆ ಕಡೆ ಕುದ್ರು ಎಂದರೆ ನಡುಗಡ್ಡೆ. ನಾಗರಬಾವಿಯಲ್ಲಿ ಕಾನೂನು ಓದುತ್ತಾ ನಮ್ಮ ಮಹಡಿಯ ಬಾಡಿಗೆ ಕೋಣೆಯಲ್ಲಿದ್ದ ಆ ಕುದ್ರುವಿನ ಹುಡುಗನೇ ನನ್ನ ಅಳಿಯನಾಗದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ಉದ್ದಕ್ಕೂ ಮರಳ ದಿಬ್ಬ. ನೇರಳೆ ಹೂವಿನ ಬಳ್ಳಿ ಮರಳ ಮೇಲೆಲ್ಲ ಹಬ್ಬಿರುತ್ತದೆ. ಮದುವೆಯಾಗಿ ಬಂದ ಸೊಸೆ ಆ ದಿಬ್ಬದ ಮೇಲೆ ಒಂದು ಕೇದಗೆ ನೆಡಬೇಕು. ನನ್ನ ಮಗಳು ಕುಸುಮಾ ಧಾರೆ ಸೀರೆಯಲ್ಲೇ ಮರಳಲ್ಲಿ ಮಂಡಿಯೂರಿ ನೆಟ್ಟಳು. ಬೇರು ಮರಳನ್ನು ಹಿಡಿಯುತ್ತದೆ, ಮರಳು ಮಳೆಗಾಲದ ಕಡಲನ್ನು ತಡೆಯುತ್ತದೆ ಎಂದು ಬೀಗಿತ್ತಿ ವಿವರಿಸಿದರು. ಇತಿಹಾಸ ಬೇಕಿದ್ದರೆ ತಲೆತಲಾಂತರದ ಸೊಸೆಯಂದಿರು ನೆಟ್ಟ ಆ ಸಾಲೇ ಇದೆ. ತಮ್ಮ ನಕ್ಷೆಯಲ್ಲಿ ಸರಿಯಾಗಿ ಅದೇ ಜಾಗದಲ್ಲಿ ದಿಬ್ಬ ಸಮತಟ್ಟು ಮಾಡಿ ಕುದುರೆ ಸವಾರಿಯ ದಾರಿ ಎಳೆದಿದ್ದೀರಿ.

ಇದು ಬರೀ ಕಾಗುಣಿತದ ತಪ್ಪು ಎನ್ನುವಿರಾ? ಬರೀ ತಪ್ಪಾಗಿದ್ದರೆ ಒಮ್ಮೆಯಾದರೂ ನಮಗೆ ಅನುಕೂಲವಾಗಿ ತಪ್ಪಬೇಕಿತ್ತಲ್ಲವೇ? ನನ್ನ ಅನುಮಾನಕ್ಕೆ ಕಾರಣವಿದೆ. ನಮ್ಮೂರಿನ ಹೆಸರು ಶ್ರೀಗಂಧದ ಕಾವಲ್. ‘ಕಾವಲ್ ಅಂದ್ಮೇಲೆ ದನ ಮೇಯೋ ಜಾಗ, ಮನೆ ಎಲ್ಲಿಂದ ಬಂತು?’ ಎಂದು ಒಬ್ಬ ಸಾಹೇಬರು ನಮ್ಮ ತಾತನನ್ನು ಕೇಳಿದ್ದರಂತೆ. ಆಗ ನಮ್ಮಜ್ಜಿ ಒಳಗೆ ಮುದ್ದೆ ಕಟ್ಟುತ್ತಿದ್ದಳು. ಹೆಸರು ಹಿಡಿದು ಮನೆ ಕೀಳುವ ವಿದ್ಯೆ ನಮಗೆ ಹೊಸದಲ್ಲ.

ಇನ್ನೊಂದು ಪ್ರಶ್ನೆ. ತಮ್ಮ ಸರ್ವೆಯವರು ಕುದ್ರುವಿಗೆ ಮಧ್ಯಾಹ್ನವೇ ಏಕೆ ಹೋಗುತ್ತಾರೆ? ಆ ಹೊತ್ತಿಗೆ ಗಂಡಸರು ಕಡಲಲ್ಲಿ, ಹೆಂಗಸರು ಆಚೆ ದಡದ ಮೀನು ಮಾರುಕಟ್ಟೆಯಲ್ಲಿ. ಬಾಗಿಲಿನ ಬೀಗದ ಫೋಟೋ ತೆಗೆದು ‘ಖಾಲಿ ಮನೆ’ ಎಂದು ಬರೆದುಕೊಂಡು ಬರುತ್ತಾರಂತೆ. ಬೀಗ ಹಾಕಿದ ಮನೆಯೆಲ್ಲ ಖಾಲಿಯಾದರೆ ರಾಜಾಜಿನಗರದಲ್ಲಿ ಹಗಲು ಹೊತ್ತು ಎಷ್ಟು ಮನೆ ಉಳಿದಾವು?

ಕುಸುಮಾಳಿಗೆ ಈಗ ಏಳು ತಿಂಗಳು ತುಂಬಿದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅವಳ ತಾಯಿ ಬೋರಮ್ಮ ಒಣಕೊಬ್ಬರಿ, ಅಂಟು ತಂದಿಟ್ಟುಕೊಂಡಿದ್ದಾಳೆ. ಕರೆದುಕೊಂಡು ಬರಲು ಯಾವಾಗ ಬರಲಿ ಎಂದು ಮೊನ್ನೆ ಫೋನು ಮಾಡಿದೆ.

“ಬರಲ್ಲ ಅಪ್ಪ. ಹಗಲೊತ್ತು ಮನೇಲಿರೋದು ನಾನೊಬ್ಳೇ. ನಾನು ಬಂದ್ರೆ ಬೀಗ ಬೀಳತ್ತೆ, ಬೀಗ ಕಂಡ್ರೆ ಫೋಟೋ ತೆಗೀತಾರೆ.”

“ಅಲ್ಲಿ ಆಸ್ಪತ್ರೆಗೆ ದೋಣೀಲಿ ಹೋಗ್ಬೇಕು ಕಣೇ. ನೋವು ಬಂದಾಗ ಹೊಳೆ ತುಂಬಿದ್ರೆ?”

“ಗೊತ್ತಪ್ಪ,” ಎಂದಳು. ಫೋನಿಟ್ಟು ಈ ಪತ್ರ ಬರೆಯಲು ಕೂತೆ ಸ್ವಾಮಿ.

ಫಲಕದಿಂದ ಕುದುರೆಯನ್ನು ಇಳಿಸಿ. ದಿಬ್ಬಕ್ಕೆ ಕೈ ಹಚ್ಚಬೇಡಿ. ಎಲ್ಲರೂ ಮನೆಯಲ್ಲಿರುವ ಹೊತ್ತು ನೋಡಿ ಹೋಗಿ ಸಭೆ ಮಾಡಿ. ಇವೆಲ್ಲಕ್ಕೂ ಸಮಯ ಬೇಕೆಂದರೆ ಸರಿ, ಒಂದನ್ನು ಮಾತ್ರ ಈ ವಾರವೇ ಮಾಡಿ: ಬೀಗ ಹಾಕಿದ ಈ ಮನೆಯಲ್ಲಿ ಜನ ಇದ್ದಾರೆ ಎಂದು ಬರೆದು, ತಮ್ಮ ಸಹಿ ಹಾಕಿ, ಅವಳ ಬಾಗಿಲಿಗೆ ಅಂಟಿಸಿ. ನನ್ನ ಮಗಳು ಹೆರಿಗೆಗೆ ಮನೆಗೆ ಬರಬೇಕು.

ಇಂತಿ,
ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿ ದಾರಿ ಕಾಯುತ್ತಿರುವ
ದೊಡ್ಡಣ್ಣ
ಶ್ರೀಗಂಧದ ಕಾವಲ್