ಕ್ಲಚ್ಚಿನ ಕಾಲು

ಭದ್ರಾವತಿ ತಾಲ್ಲೂಕು
ಗುರುವಾರ, 20 ನವೆಂಬರ್ 2025

ಬೀಗಿತ್ತಿ ಮಾಸ್ತಮ್ಮನವರಿಗೆ ದುರ್ಗಮ್ಮನ ನಮಸ್ಕಾರ.

ಏಕಾಂತಪ್ಪ ಬೀಗರ ಕೆಮ್ಮು ಇಳಿಯಿತೇ? ನಿಮ್ಮ ಕಿರಿಮಗಳು ಸುಪ್ರಿಯಾಳ ಕಣ್ಣುನೋವು ಹೇಗಿದೆ? ಶಂಕರಘಟ್ಟದಲ್ಲಿ ಬೆಳಗಾದರೆ ಯೂನಿವರ್ಸಿಟಿ ಮಕ್ಕಳಿಗೆ ದೋಸೆ ಹುಯ್ಯುತ್ತ ನಿಂತಿರುವ ನಿಮ್ಮ ಮಂಡಿ ಏನನ್ನುತ್ತದೆ? ಇಲ್ಲಿ ನಮ್ಮ ಯಜಮಾನರು, ಮಗ ಸುದೀಪ, ಮೊಮ್ಮಕ್ಕಳಿಬ್ಬರೂ ಕ್ಷೇಮ. ನಿಮ್ಮ ಮಗಳು ದಿವ್ಯಶ್ರೀಯ ವಿಷಯ ಬರೆಯಲಿಕ್ಕೇ ಈ ಪತ್ರ. ಫೋನಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನೂ ಸುಮ್ಮನಿರುವವಳಲ್ಲ. ಕಾಗದವಾದರೆ ಕೊನೆಯವರೆಗೂ ಕೇಳಿಸಿಕೊಳ್ಳಲೇಬೇಕು. ಅಕ್ಷರ ನಾನೇ ಕಲಿತದ್ದು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಹೋದ ಸಲ ಬಂದಾಗ ನಮ್ಮ ಜಗಲಿಯ ಮೇಲೆ ಕೂತು ನೀವು ಹೇಳಿದ ಮಾತು ನನಗೆ ನೆನಪಿದೆ. "ಆ ಕಸದ ಗಾಡಿ ಬಿಡಿಸಿ ಬೀಗಿತ್ತಿ. ಗಂಡಸರ ಕೆಲಸಕ್ಕೆ ಹೋಗಿ ನನ್ನ ಮಗಳು ಸೊಂಟ ಕಳ್ಕೊಂಡ್ಲು." ಅಂದು ನನಗೂ ಅದು ನಿಜವೇ ಅನ್ನಿಸಿತ್ತು. ಬಾಗಿಲು ಹಿಡಿಯದೆ ಅವಳಿಗೆ ಗಾಡಿ ಹತ್ತಲು ಆಗುತ್ತಿರಲಿಲ್ಲ. ಎಡಗಾಲಲ್ಲಿ ಕ್ಲಚ್ ಒತ್ತುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು. ಕೊನೆಗೆ ರಜೆ ಹಾಕಿ ಮನೆಯಲ್ಲಿ ಕೂತಳು. ಈ ತಿಂಗಳು ಬರದಿದ್ದರೆ ಗಾಡಿಯನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಪಂಚಾಯ್ತಿಯವರೂ ಹೇಳಿ ಕಳಿಸಿದ್ದರು.

ಆದರೂ ಬೀಗಿತ್ತಿ, ಆ ಗಾಡಿ ಅವಳಿಗೆ ಸುಮ್ಮನೆ ಬಂದದ್ದಲ್ಲ. ಗಾಡಿ ಓಡಿಸಲು ಯಾರು ಕಲಿಯುತ್ತೀರಿ ಎಂದು ಮಹಿಳಾ ಸಂಘದ ಸಭೆಯಲ್ಲಿ ಕೇಳಿದಾಗ ಎಲ್ಲ ಹೆಂಗಸರೂ ನೆಲ ನೋಡಿದರು. ಕೈ ಎತ್ತಿದವಳು ನಮ್ಮ ದಿವ್ಯಾ. ಇವತ್ತು ನಾನು ಸಂತೆಗೆ ಹೋದರೆ "ಡ್ರೈವರಮ್ಮನ ಅತ್ತೆ ಬಂದ್ರು" ಅಂತ ಜಾಗ ಬಿಡುತ್ತಾರೆ. ಈ ವಯಸ್ಸಿಗೆ ನನಗೆ ಸಿಕ್ಕ ಬಿರುದು ಅದೊಂದೇ.

ಸುದೀಪನಿಗೆ ಕಾರ್ಖಾನೆಯಲ್ಲಿ ರಜೆ ಸಿಗದು. ಹಾಗಾಗಿ ಆಸ್ಪತ್ರೆಗಳನ್ನೆಲ್ಲ ಸುತ್ತಿಸಿದವರು ನಮ್ಮ ಯಜಮಾನರೇ. ಬೆಲ್ಟು ಕಟ್ಟಿಸಿದರು, ಎಣ್ಣೆ ತಿಕ್ಕಿಸಿದರು, ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯಲ್ಲಿ ದೋಷವಿಲ್ಲ ಎಂದರಂತೆ. ದೋಷವಿಲ್ಲದ ಮೇಲೆ ನೋವೆಲ್ಲಿಂದ ಬಂತು? ಕೊನೆಗೆ ಶಿವಮೊಗ್ಗದ ಸವಳಂಗ ರಸ್ತೆಯ ಆಸ್ಪತ್ರೆಯೊಂದಕ್ಕೆ ಹೊರಟಾಗ ನಾನೂ ಬಸ್ಸು ಹತ್ತಿದೆ.

ಅಲ್ಲಿ ಅಮೂಲ್ಯಾ ಅಂತ ಸಣ್ಣ ವಯಸ್ಸಿನ ಡಾಕ್ಟರಮ್ಮ. ನೋವು ಎಲ್ಲಿದೆ, ಒಂದೇ ಬೆರಳಲ್ಲಿ ತೋರಿಸು ಎಂದರು. ದಿವ್ಯಾ ಹಲಗೆ ಒರೆಸುವವಳ ಹಾಗೆ ಇಡೀ ಸೊಂಟದ ಮೇಲೆ ಅಂಗೈ ಆಡಿಸಿದಳು. ಮತ್ತೆ ಕೇಳಿದರು. ಇವಳು ಫೈಲು ಹಿಡಿದು ನಿಂತಿದ್ದ ಮಾವನ ಕಡೆ ಒಮ್ಮೆ ನೋಡಿ ಸೆರಗು ಎಳೆದುಕೊಂಡಳು.

ನನಗೆ ಆಗ ಹೊಳೆಯಿತು. ಮಾವ ಬಂದರೆ ಕುರ್ಚಿ ಬಿಟ್ಟು ಏಳುವ ಹುಡುಗಿ, ಅವರ ಎದುರಿಗೆ ಸೊಂಟದ ಕೆಳಗೆ ಬೆರಳಿಟ್ಟು ಇಲ್ಲಿ ಎಂದು ತೋರಿಸುತ್ತಾಳೆಯೇ? ಹೋದಲ್ಲೆಲ್ಲ ಸೊಂಟ ಎಂದಳು, ಅವರೂ ಸೊಂಟಕ್ಕೇ ಔಷಧಿ ಕೊಟ್ಟರು.

ಹೊರಗೆ ಹೋಗಿ ಟೀ ಕುಡಿದು ಬನ್ನಿ ಎಂದು ಯಜಮಾನರಿಗೆ ಹೇಳಿದೆ.

"ಈಗ್ತಾನೆ ಕುಡಿದ್ನಲ್ಲ ಮಾರಾಯ್ತಿ."

"ಇನ್ನೊಂದು ಕುಡೀರಿ."

ಡಾಕ್ಟರಮ್ಮ ನಗು ತಡೆಯಲು ಬರೆಯುವವರ ಹಾಗೆ ತಲೆ ತಗ್ಗಿಸಿದರು. ಬಾಗಿಲು ಮುಚ್ಚಿದ್ದೇ ತಡ, ದಿವ್ಯಾ ಬೆನ್ನು ಮುಗಿದು ಕೆಳಗೆ ಎಡಕ್ಕೆ ಗುಳಿ ಬೀಳುತ್ತದಲ್ಲ, ಅಲ್ಲಿಗೆ ಸರಿಯಾಗಿ ಬೆರಳಿಟ್ಟಳು. ಅವರು ಕಾಲು ಮಡಿಸಿ, ತಿರುಗಿಸಿ, ಒತ್ತಿ ನೋಡಿದರು. ಹುಡುಗಿಯ ಕಣ್ಣಲ್ಲಿ ನೀರು ಬಂತು.

ಬೆನ್ನುಮೂಳೆಯ ಬುಡವೂ ಸೊಂಟದ ಅಗಲ ಮೂಳೆಯೂ ಕೂಡುವಲ್ಲಿ ಒಂದು ಕೀಲಿದೆಯಂತೆ. ಬಸುರಿಯಾದಾಗ ಮಗುವಿಗೆ ದಾರಿ ಬಿಡಲು ಅದು ಸಡಿಲವಾಗುತ್ತದೆ, ಕೆಲವರಿಗೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಇವಳಿಗೆ ಎರಡನೇ ಹೆರಿಗೆಯಿಂದ ಬಂದ ನೋವು ಇದು, ಗಾಡಿಯಿಂದ ಬಂದದ್ದಲ್ಲ ಎಂದರು. ನಿಮಗೆ ಬರೆಯಬೇಕಲ್ಲ ಎಂದು ಈ ಮಾತನ್ನು ಇನ್ನೊಮ್ಮೆ ಹೇಳಿಸಿದೆ.

ಕೀಲಿಗೇ ಇಂಜೆಕ್ಷನ್ ಕೊಡಬೇಕು ಎಂದರು. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತದೆ ಎಂದು ನಮ್ಮ ಕಡೆ ಹೇಳುವುದಿಲ್ಲವೇ? ಕೇಳಿಯೇಬಿಟ್ಟೆ. ಅವರು ಬೇಸರಿಸದೆ, ಇದು ಬೆನ್ನುಹುರಿಗಲ್ಲ, ಎಕ್ಸ್‌ರೇ ಪರದೆ ನೋಡುತ್ತ ಕೀಲಿಗೆ ಮಾತ್ರ ಎಂದು ಬಿಡಿಸಿ ಹೇಳಿದರು. ನಾನಿನ್ನೂ ಯೋಚಿಸುತ್ತಿದ್ದೆ. ದಿವ್ಯಾನೇ ಅಂದಳು: "ಹಾಕಿಸ್ಕೊಳ್ತೀನಿ ಅತ್ತೆ. ಸ್ಟೇರಿಂಗ್ ಬಿಡೋದಕ್ಕಿಂತ ಸೂಜಿ ವಾಸಿ."

ಹಾಕಿದ ಮೇಲೆ ಸ್ವಲ್ಪ ಹೊತ್ತು ಮಲಗಿಸಿ, ಯಾವುದು ಮಾಡಿದರೆ ನೋಯುತ್ತಿತ್ತೋ ಅದನ್ನೇ ಮಾಡು ಎಂದರು. ಇವಳು ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದಳು. ಕೆಳಗೆ ನಿಂತಿದ್ದ ಯಜಮಾನರು ವಾಚ್‌ಮನ್‌ಗೆ "ನಮ್ಮನೆ ಡ್ರೈವರು" ಎಂದು ಪರಿಚಯ ಮಾಡಿಸುತ್ತಿದ್ದರು.

ಸಂಜೆಗೆ ನೋವು ವಾಪಸ್ಸಾಯಿತು. ಆಗುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಮರಗಟ್ಟಿಸುವ ಔಷಧಿ ಬೇಗ ಇಳಿಯುತ್ತದೆ, ಅಷ್ಟರಲ್ಲೇ ನೋವಿನ ಜಾಗ ಇದೇ ಹೌದೋ ಅಲ್ಲವೋ ಎಂದು ಅದು ಹೇಳಿಬಿಡುತ್ತದೆ. ಜೊತೆಗೆ ಹಾಕಿದ ಇನ್ನೊಂದು ಔಷಧಿ ನಿಧಾನಕ್ಕೆ ಹಿಡಿಯುತ್ತದೆ ಎಂದು. ಆದರೂ ದಿವ್ಯಾ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಪಕ್ಕದಲ್ಲಿ ಕೂತೆ.

ಆಮೇಲೆ ಒಂದು ಬೆಳಿಗ್ಗೆ ಸುದೀಪ ಅಡುಗೆಮನೆಗೆ ಬಂದು, "ಅಮ್ಮ, ರಾತ್ರಿ ಮಗ್ಗುಲು ಬದಲಾಯಿಸ್ವಾಗ ಅವಳು ನರಳ್ಲೇ ಇಲ್ಲ" ಅಂದ. ಅವಳಿಗೇ ಗೊತ್ತಾಗಿರಲಿಲ್ಲ. ಇದು ಕಾಯಂ ಅಲ್ಲ, ಮತ್ತೆ ಬರಬಹುದು, ವ್ಯಾಯಾಮ ಬಿಡಬಾರದು ಎಂದಿದ್ದಾರೆ. ಬೆಳಿಗ್ಗೆ ಚಾಪೆಯ ಮೇಲೆ ಮಲಗಿ ಸೊಂಟ ಎತ್ತಿ ಇಳಿಸುತ್ತಾಳೆ. ಮಕ್ಕಳೂ ಸಾಲಾಗಿ ಮಲಗಿ ಹಾಗೇ ಮಾಡುತ್ತವೆ. ಹೋದ ವಾರ ಮತ್ತೆ ತೋರಿಸಿದಾಗ, ಇನ್ನು ಗಾಡಿ ಓಡಿಸಬಹುದು ಎಂದರು.

ನಿಮ್ಮನ್ನು ಕೇಳದೆ ಸೂಜಿ ಹಾಕಿಸಿದ್ದಕ್ಕೆ ಬಯ್ಯಬೇಕೆಂದಿದ್ದರೆ ನನ್ನನ್ನು ಬಯ್ಯಿರಿ. ಆದರೆ ಹೆತ್ತ ತಾಯಿ ಬೇಡ ಎಂದ ಕೆಲಸ ಎಂಬುದು ಅವಳ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದಕ್ಕೆ ಡಾಕ್ಟರ ಬಳಿ ಮದ್ದಿಲ್ಲ. "ಓಡಿಸು ಮಗಳೇ" ಎಂದು ನಿಮ್ಮ ಕೈಯಾರೆ ಬರೆದು ಕಳಿಸಿ.

ಇಂತಿ ನಿಮ್ಮ ಬೀಗಿತ್ತಿ,
ದುರ್ಗಮ್ಮ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಸೋಮವಾರದಿಂದಲೇ ಅವಳು ಗಾಡಿ ಓಡಿಸುತ್ತಿದ್ದಾಳೆ. ಮೊದಲ ದಿನ ಪಕ್ಕದ ಸೀಟಿನಲ್ಲಿ ನಾನೇ ಕೂತಿದ್ದೆ. ಕಾಲು ನೋಡಬೇಡಿ ಅತ್ತೆ, ರೋಡು ನೋಡಿ ಎಂದು ನನ್ನನ್ನೇ ಗದರಿದಳು. ಗಾಡಿ ಹತ್ತುವ ಮುಂಚೆ, "ಅಮ್ಮ ಒಪ್ಪಿದ್ರಾ?" ಎಂದು ಕೇಳಿದ್ದಳು. ಒಪ್ಪಿ ಕಾಗದ ಹಾಕಿದ್ದಾರಂತೆ, ಬರುತ್ತೆ ಎಂದುಬಿಟ್ಟಿದ್ದೇನೆ. ದಿನಾ ಪೋಸ್ಟ್‌ಮ್ಯಾನ್ ಬಂದನೇ ಎಂದು ವಿಚಾರಿಸುತ್ತಾಳೆ. ಬೇಗ ಬರೆಯಿರಿ ಬೀಗಿತ್ತಿ.